ಸಿಡಿಲಿಗೆ ಇಪಿಎಬಿಎಕ್ಸ್ ಹೋಯಿತು. ಇಂಟರ್ನೆಟ್ ಫೋನ್ ಹಾಕಿಸಬಹುದಾ? ಹಳೆ ನಂಬರ್ ಮಾತ್ರ ಬಿಡುವ ಹಾಗಿಲ್ಲ

ಬರೆದವರು: ಫೋರ್ಟ್ ಗುಮಾಸ್ತ

ನಮ್ಮದು ಫೋರ್ಟಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಆಫೀಸು. ಹಾರ್ನಿಮನ್ ಸರ್ಕಲ್ ಹತ್ತಿರದ ಗಲ್ಲಿ, ಹಳೆ ಕಟ್ಟಡ, ಮೂರನೇ ಮಾಳಿಗೆ. ನಾನು ಸೇರಿದ್ದು ಲೆಕ್ಕ ಬರೆಯಲು. ಆದರೆ ಪ್ರಿಂಟರ್, ಏಸಿ, ಕುಡಿಯುವ ನೀರಿನ ಕ್ಯಾನ್, ಫೋನು, ಏನು ಕೆಟ್ಟರೂ ನನ್ನ ಹೆಸರೇ ಕೂಗುತ್ತಾರೆ. ಊರು ಕಾರ್ಕಳದ ಕಡೆ. ಮುಂಬಯಿಗೆ ಬಂದು 27 ವರ್ಷ ಆಯಿತು.

ಗೋಡೆಯಲ್ಲಿ ನಾಲ್ಕು ಲೈನು, ಹದಿನಾರು ಎಕ್ಸ್‌ಟೆನ್ಶನ್ನಿನ ಇಪಿಎಬಿಎಕ್ಸ್ ಇದೆ, ಅಂದರೆ ಹೊರಗಿನ ಲೈನನ್ನು ಒಳಗಿನ ಫೋನುಗಳಿಗೆ ಹಂಚುವ ಡಬ್ಬಿ. ಮೂರು ತಾಮ್ರದ ಲ್ಯಾಂಡ್‌ಲೈನ್ ಅದಕ್ಕೆ ಬರುತ್ತವೆ, ಮೂರೂ ಹಂಟಿಂಗ್‌ನಲ್ಲಿ, ಅಂದರೆ ಒಂದು ಎಂಗೇಜ್ ಇದ್ದರೆ ಕಾಲ್ ಇನ್ನೊಂದಕ್ಕೆ ಹೋಗುತ್ತದೆ. ಜೂನ್‌ನಲ್ಲಿ ಸಿಡಿಲು ಹೊಡೆದು ಒಂದು ಕಾರ್ಡ್ ಸುಟ್ಟುಹೋಯಿತು. ಎಂಟು ಎಕ್ಸ್‌ಟೆನ್ಶನ್ ಒಟ್ಟಿಗೆ ಸತ್ತವು. ಧಣಿಗಳ ಕ್ಯಾಬಿನ್ನಿನದ್ದೂ ಆ ಎಂಟರಲ್ಲಿ ಒಂದು, ಹಾಗಾಗಿ ವಿಷಯ ಅದೇ ದಿನ ತುರ್ತಾಯಿತು. ರಿಪೇರಿಯ ಹುಡುಗ ಕಾರ್ಡ್ ಹೊರಗೆ ಎಳೆದು ಮೂಸಿ ನೋಡಿದ. "ಅಂಕಲ್, ಈ ಮಾಡೆಲ್ಲಿನ ಕಾರ್ಡ್ ಈಗ ಬರುವುದಿಲ್ಲ" ಅಂದ. ಮರುದಿನವೇ ಅವನ ಮಾಲೀಕರಿಂದ ಕೊಟೇಶನ್ ಬಂತು. 14 ಜನಕ್ಕೆ ಕ್ಲೌಡ್ ಫೋನ್ (ಆಫೀಸಿನಲ್ಲಿ ಡಬ್ಬಿ ಇಲ್ಲ, ಎಲ್ಲ ಇಂಟರ್ನೆಟ್ ಮೇಲೆ), ತಲೆಗೆ ತಿಂಗಳಿಗೆ ಇಷ್ಟು, ಮೇಲೆ ಶೇ 18 ಜಿಎಸ್‌ಟಿ. ವಿಡಿಯೊ, ಚಾಟ್, ಮೊಬೈಲ್ ಆಪ್, ರೆಕಾರ್ಡಿಂಗ್ ಎಲ್ಲ ಒಂದರಲ್ಲೇ. ಚಿತ್ರಗಳು ಚೆನ್ನಾಗಿವೆ. ಅದರಲ್ಲಿರುವ ಆಫೀಸಿನಲ್ಲಿ ಒಂದು ಫೈಲೂ ಕಾಣಲಿಲ್ಲ, ಅದು ಬೇರೆ ಮಾತು.

ಧಣಿಗಳಿಗೆ ಇದರಲ್ಲಿ ಬೇಕಾಗಿರುವುದು ಎರಡೇ. ನ್ಹಾವಾ ಶೇವಾ ಬಂದರಿನಲ್ಲಿ ಇರುವ ನಮ್ಮ ನಾಲ್ಕು ಜನ, ಭಿವಂಡಿ ಗೋಡೌನಿನ ಇಬ್ಬರು ಎಕ್ಸ್‌ಟೆನ್ಶನ್ನಿನಲ್ಲೇ ಸಿಗಬೇಕು. ಮತ್ತೆ ಹಳೆ ನಂಬರ್ ಹೋಗಬಾರದು. 022ರ ಆ ಎಂಟು ಅಂಕಿ ಪಾರ್ಟಿಗಳಿಗೆಲ್ಲ ಬಾಯಿಪಾಠ. ನಮ್ಮ ಲೆಟರ್‌ಹೆಡ್ಡಿನಲ್ಲಿ ವಿಳಾಸ ಎರಡು ಸಲ ಬದಲಾಗಿದೆ, ನಂಬರ್ ಬದಲಾಗಿಲ್ಲ.

ನನಗೆ ಇನ್ನೊಂದು ಹೆದರಿಕೆ. 2020ರ ಅಕ್ಟೋಬರ್ 12ಕ್ಕೆ ಮುಂಬಯಿಯಲ್ಲೆಲ್ಲ ಕರೆಂಟ್ ಹೋಗಿತ್ತಲ್ವಾ, ಅವತ್ತು ಲೋಕಲ್ ನಿಂತಿತ್ತು, ನಮ್ಮ ಇಂಟರ್ನೆಟ್ ಬಿದ್ದಿತ್ತು, ಮೊಬೈಲಿನಲ್ಲಿ ಮಾತು ತುಂಡು ತುಂಡು. ನಮ್ಮ ಆಪರೇಟರ್ ಅಕ್ಕನ ಮೇಜಿನ ಫೋನ್ ಮಾತ್ರ ಬಡಿಯುತ್ತಲೇ ಇತ್ತು. ಎಲ್ಲವನ್ನೂ ಇಂಟರ್ನೆಟ್ಟಿಗೆ ಹಾಕಿದರೆ ಅಂಥ ದಿನ ಏನು ಗತಿ? ಮಾಡಿದವರು ಹೇಳಿ ಮಾರಾಯ್ರೆ.

ಉತ್ತರ: ತುರ್ಭೆ ತಂತಿ

ಗುಮಾಸ್ತರೇ, ಕೊಟೇಶನ್ ಬದಿಗಿಡಿ. ನನಗೆ ಇದೇ ಕೆಲಸ, ಆಫೀಸುಗಳಿಗೆ ನೆಟ್‌ವರ್ಕ್ ಎಳೆಯುವುದು.

14 ಜನ ಇದ್ದಾರೆ ಅಂತ 14 ಲೈನ್ ಬೇಕಾಗುವುದಿಲ್ಲ. ಒಂದೇ ಹೊತ್ತಿಗೆ ಹೊರಗಿನವರ ಜೊತೆ ಎಷ್ಟು ಜನ ಮಾತಾಡುತ್ತಾರೆ, ಅದನ್ನು ಎಣಿಸಿ. ಇಷ್ಟು ವರ್ಷ ಮೂರು ಲೈನಿನಲ್ಲಿ ನಡೆದಿದೆ ಅಂದರೆ ಐದಾರು ಚಾನೆಲ್ಲಿನ ಸಿಪ್ ಟ್ರಂಕ್ ಧಾರಾಳ. ಸಿಪ್ ಟ್ರಂಕ್ ಅಂದರೆ ಇಂಟರ್ನೆಟ್ ರೀತಿಯಲ್ಲಿ ಬರುವ ಫೋನ್ ಲೈನು, ಒಂದು ಚಾನೆಲ್ಲಿಗೆ ಒಂದು ಹೊತ್ತಿಗೆ ಒಂದು ಕಾಲ್. ಯಾರಾದರೂ ಪಿಆರ್‌ಐ (ದೊಡ್ಡ ಆಫೀಸುಗಳು ಹಾಕಿಸುವ ಲೈನು) ತಗೊಳ್ಳಿ ಅಂದರೆ ಬೇಡ ಅನ್ನಿ. ಅದರಲ್ಲಿ 30 ಚಾನೆಲ್ ಬರುತ್ತದೆ, ನಿಮಗೆ ಅದು ಮದುವೆ ಹಾಲ್ ಬಾಡಿಗೆಗೆ ಹಿಡಿದು ನಾಲ್ಕು ಜನ ಊಟ ಮಾಡಿದ ಹಾಗೆ.

ನಂಬರಿನ ವಿಷಯ ಸರಿಯಾಗಿ ತಿಳಿದುಕೊಳ್ಳಿ, ಎಲ್ಲರೂ ಎಡವುವುದು ಇಲ್ಲೇ. ಮೊಬೈಲಿನ ಹಾಗೆ ಲ್ಯಾಂಡ್‌ಲೈನ್ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಲು ನಮ್ಮಲ್ಲಿ ಆಗುವುದಿಲ್ಲ. ಕ್ಲೌಡಿನವರು ಕೊಡುವುದು ಹೊಸ ನಂಬರ್. ಹಾಗಾಗಿ ಹಳೆ ಲೈನ್ ಸರೆಂಡರ್ ಮಾಡಬೇಡಿ. ಆಫೀಸಿನಲ್ಲೇ ಒಂದು ಐಪಿ ಪಿಬಿಎಕ್ಸ್ ಇಡಿ, ನಿಮ್ಮ ಇಪಿಎಬಿಎಕ್ಸ್ ಕೆಲಸವನ್ನೇ ನೆಟ್‌ವರ್ಕ್ ಮೇಲೆ ಮಾಡುವ ಡಬ್ಬಿ. ಆಸ್ಟರಿಸ್ಕ್ ಅನ್ನುವ ಸಾಫ್ಟ್‌ವೇರ್ ಮೇಲೆ ನಡೆಯುವಂಥದ್ದು ಆದರೂ ಸಾಕು, ಅದು 1999ರಿಂದ ಇದೆ, ಸಾಫ್ಟ್‌ವೇರಿಗೆ ದುಡ್ಡಿಲ್ಲ. ಪಕ್ಕದಲ್ಲಿ ನಾಲ್ಕು ಪೋರ್ಟಿನ ಎಫ್‌ಎಕ್ಸ್‌ಒ ಗೇಟ್‌ವೇ, ತಾಮ್ರದ ಲೈನನ್ನು ಹೊಸ ಸಿಸ್ಟಮ್ಮಿಗೆ ಸೇರಿಸುವ ಡಬ್ಬಿ. ಹಳೆ ತಾಮ್ರದ ಲೈನ್ ಅದಕ್ಕೆ ಚುಚ್ಚಿ. ಪಾರ್ಟಿಗಳು ಹಳೆ ನಂಬರಿಗೇ ಹೊಡೆಯುತ್ತಾರೆ, ಕಾಲ್ ಹೊಸ ಸಿಸ್ಟಮ್ಮಿಗೆ ಬರುತ್ತದೆ. ಹೊರಗೆ ಹೋಗುವ ಕಾಲ್ ಸಿಪ್ ಟ್ರಂಕಿನಲ್ಲಿ ಹೋಗಲಿ.

ಗೇಟ್‌ವೇಯಲ್ಲಿ ಒಂದು ಕಿರಿಕಿರಿ ಇದೆ, ಈಗಲೇ ಹೇಳಿಬಿಡುತ್ತೇನೆ. ಆಚೆಯವರು ಫೋನ್ ಇಟ್ಟರೂ ಕೆಲವು ಸಲ ಲೈನ್ ಬಿಡುವುದಿಲ್ಲ. ಗೇಟ್‌ವೇಗೆ ನಮ್ಮ ದೇಶದ ಬಿಝಿ ಟೋನ್ ಗೊತ್ತಿರುವುದಿಲ್ಲ, ಅದಕ್ಕೆ. 400 ಹರ್ಟ್ಸ್, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ ಅಂತ ಸೆಟ್ಟಿಂಗಿನಲ್ಲಿ ಹಾಕಿಸಿ. ಹಾಕದೆ ಹೋದರೆ ಮಧ್ಯಾಹ್ನದೊಳಗೆ ಮೂರೂ ಲೈನ್ ಎಂಗೇಜ್, ಯಾರೂ ಮಾತಾಡುತ್ತಿರುವುದಿಲ್ಲ.

ಇಂಟರ್ನೆಟ್ ಸ್ಪೀಡಿಗೆ ತಲೆ ಕೆಡಿಸಿಕೊಳ್ಳಬೇಡಿ. ಜಿ.711 ಕೋಡೆಕ್ಕಿನಲ್ಲಿ (ಧ್ವನಿಯನ್ನು ಡೇಟಾ ಮಾಡುವ ಒಂದು ರೀತಿ) ಮಾತು 64 ಕೆಬಿಪಿಎಸ್. ಹೊದಿಕೆ ಎಲ್ಲ ಸೇರಿ ಒಂದು ಕಾಲಿಗೆ ಒಂದೊಂದು ದಿಕ್ಕಿಗೆ 90ರ ಹತ್ತಿರ. ಹತ್ತು ಕಾಲ್ ಆದರೂ ಒಂದು ಎಂಬಿಪಿಎಸ್ ಆಗುವುದಿಲ್ಲ. ತೊಂದರೆ ಕೊಡುವುದು ಬೇರೆ. ನಿಮ್ಮಲ್ಲಿ ಯಾರೋ 80 ಪುಟ ಸ್ಕ್ಯಾನ್ ಮಾಡಿ ಅಪ್‌ಲೋಡ್ ಹಾಕುತ್ತಾರೆ, ಧ್ವನಿಯ ಪ್ಯಾಕೆಟ್ ಅದರ ಹಿಂದೆ ಕ್ಯೂನಲ್ಲಿ ನಿಲ್ಲುತ್ತದೆ. ಆಗ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ರೂಟರಿನಲ್ಲಿ ಧ್ವನಿಗೆ ಮೊದಲ ದಾರಿ ಬಿಡಿಸಿ. ಫೋನುಗಳಿಗೆ ಬೇರೆ ವಿಎಲ್‌ಎಎನ್, ಅಂದರೆ ಅದೇ ತಂತಿಯಲ್ಲಿ ಪ್ರತ್ಯೇಕ ನೆಟ್‌ವರ್ಕ್, ಮಾಡಿಸಿ.

ಉತ್ತರ: ಅಂಧೇರಿ ಆಡ್ಮಿನ್

ತುರ್ಭೆಯವರು ಹೇಳಿದ್ದು ಸರಿ. ನಾನು ಪೆಟ್ಟು ತಿಂದು ಕಲಿತ ಎರಡು ವಿಷಯ ಸೇರಿಸುತ್ತೇನೆ.

ನಮ್ಮ ಆಫೀಸಿನಲ್ಲಿ ಹೊಸ ಸಿಸ್ಟಮ್ ಹಾಕಿಸಿದ ಮೊದಲ ವಾರ ವಿಚಿತ್ರ ಆಗುತ್ತಿತ್ತು. ನಾವು ಮಾತಾಡಿದ್ದು ಅವರಿಗೆ ಕೇಳುತ್ತದೆ, ಅವರದ್ದು ನಮಗೆ ಕೇಳುವುದಿಲ್ಲ. ಹಾಕಿಕೊಟ್ಟವರು ಇಂಟರ್ನೆಟ್ಟಿನವರನ್ನು ಬೈದರು, ಇಂಟರ್ನೆಟ್ಟಿನವರು ಇವರನ್ನು ಬೈದರು. ಒಂಬತ್ತು ದಿನ ಹೀಗೇ. ಕೊನೆಗೆ ನೋಡಿದರೆ ರೂಟರಿನಲ್ಲಿ ಸಿಪ್ ಎಎಲ್‌ಜಿ ಅಂತ ಒಂದು ಟಿಕ್ ಗುರುತು. ಸಹಾಯ ಮಾಡುತ್ತೇನೆ ಅಂತ ಅದು ಪ್ಯಾಕೆಟ್ಟಿನೊಳಗಿನ ವಿಳಾಸ ತಿದ್ದುತ್ತಿತ್ತು. ಟಿಕ್ ತೆಗೆದ ಕೂಡಲೇ ಸರಿಹೋಯಿತು. ನೀವು ಮೊದಲ ದಿನವೇ ತೆಗೆಸಿ.

ಎರಡನೆಯದು ದುಬಾರಿ ಪಾಠ. ಒಂದು ಸೋಮವಾರ ಬೆಳಿಗ್ಗೆ ಕಾಲ್ ಲಿಸ್ಟ್ ತೆಗೆದರೆ ಶನಿವಾರ ರಾತ್ರಿಯಿಂದ ಭಾನುವಾರದವರೆಗೆ ನೂರಾರು ಐಎಸ್‌ಡಿ ಕಾಲ್. ಆಫೀಸಿಗೆ ಬೀಗ ಹಾಕಿತ್ತು! ಎಕ್ಸ್‌ಟೆನ್ಶನ್ 201, ಅದರ ಪಾಸ್‌ವರ್ಡ್ ಕೂಡ 201. ಹಾಕಿಕೊಟ್ಟ ಹುಡುಗ "ಆಮೇಲೆ ಬದಲಾಯಿಸಿ ಮೇಡಂ" ಅಂದಿದ್ದ. ನಾವು ಬದಲಾಯಿಸಿರಲಿಲ್ಲ. ಸಿಪ್ ಕಾಲ್ ಬರುವ ಬಾಗಿಲು 5060 ಪೋರ್ಟ್, ಅದು ಇಂಟರ್ನೆಟ್ಟಿಗೆ ತೆರೆದಿದ್ದರೆ ಸಾಕು, ಹುಡುಕಿಕೊಂಡು ಬರುವ ಕಳ್ಳ ಪ್ರೋಗ್ರಾಮುಗಳು ದಿನವಿಡೀ ಬಾಗಿಲು ಬಡಿಯುತ್ತವೆ. ಟ್ರಂಕ್ ಕೊಡುವವರಲ್ಲೇ ಐಎಸ್‌ಡಿ ಬಂದ್ ಮಾಡಿಸಿ. ಬೇಕಾದ ಒಬ್ಬರಿಬ್ಬರಿಗೆ ಮಾತ್ರ ತೆರೆಯಲಿ, ದಿನಕ್ಕೆ ಇಂತಿಷ್ಟೇ ಅಂತ ಮಿತಿ ಹಾಕಿಸಿ. ಭಿವಂಡಿ, ನ್ಹಾವಾ ಶೇವಾದ ಫೋನುಗಳನ್ನು ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ) ಮೂಲಕ ತನ್ನಿ, ಪೋರ್ಟ್ ತೆರೆದು ಬೇಡ.

ಕರೆಂಟಿನ ವಿಷಯ. ನಿಮ್ಮ ಹೆದರಿಕೆ ಸುಮ್ನೆ ಅಲ್ಲ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತದೆ, ಅದಕ್ಕೇ ಅವತ್ತು ಬಡಿಯಿತು. ಐಪಿ ಫೋನಿಗೆ ಆ ಪುಣ್ಯ ಇಲ್ಲ. ಪಿಒಇ ಸ್ವಿಚ್ ಹಾಕಿಸಿದರೆ ನೆಟ್‌ವರ್ಕ್ ತಂತಿಯಲ್ಲೇ ಫೋನಿಗೆ ಕರೆಂಟ್ ಹೋಗುತ್ತದೆ. ಆಗ ಸ್ವಿಚ್, ರೂಟರ್, ಫೈಬರ್ ಡಬ್ಬಿ, ಪಿಬಿಎಕ್ಸ್ ಇಷ್ಟನ್ನು ಒಂದು ಯುಪಿಎಸ್ ಮೇಲೆ ಇಟ್ಟರೆ ಆಯಿತು. ಆ ಫೈಬರ್ ಡಬ್ಬಿಯನ್ನು ಮರೆಯಬೇಡಿ. ನಾವು ಮರೆತಿದ್ದೆವು.

ಉತ್ತರ: ಚಿಂಚವಡ ಸ್ಟೋರ್ಸ್

ಪುಣೆ ಕಡೆಯಿಂದ ಎರಡು ಮಾತು. ನಾವು ಫ್ಯಾಕ್ಟರಿಯಲ್ಲಿ ಬದಲಾಯಿಸಿದಾಗ ಫೋನಿಗಿಂತ ತಂತಿಗೇ ಜಾಸ್ತಿ ಖರ್ಚು ಬಂತು. ಹಳೆ ಟೆಲಿಫೋನ್ ತಂತಿಯಲ್ಲಿ ಐಪಿ ಫೋನ್ ನಡೆಯುವುದಿಲ್ಲ, ಕ್ಯಾಟ್ 6 ನೆಟ್‌ವರ್ಕ್ ತಂತಿ ಎಳೆಯಬೇಕು. ನಿಮ್ಮದು ಹಳೆ ಕಟ್ಟಡ, ಗೋಡೆ ಕೊರೆಯಲು ಮಾಲೀಕರು ಬಿಡುತ್ತಾರಾ ಕೇಳಿ. ಕಂಪ್ಯೂಟರಿಗೆ ಈಗಾಗಲೇ ತಂತಿ ಇದ್ದರೆ ಅದನ್ನು ಫೋನಿಗೆ ಹಾಕಿ, ಫೋನಿನ ಹಿಂದಿನ ಎರಡನೇ ಪೋರ್ಟಿನಿಂದ ಕಂಪ್ಯೂಟರಿಗೆ ಕೊಡಿ. ಹೊಸ ತಂತಿ ಬೇಡ. ಪ್ಯಾಂಟ್ರಿ, ವಾಚ್‌ಮನ್ ಇಂಥ ಕಡೆ ಹಳೆ ಫೋನೇ ಇರಲಿ, ಹಳೆ ಫೋನನ್ನು ಹೊಸ ಸಿಸ್ಟಮ್ಮಿಗೆ ಸೇರಿಸುವ ಒಂದು ಎಫ್‌ಎಕ್ಸ್‌ಎಸ್ ಡಬ್ಬಿ ಸಾಕು.

ಡಯಲಿಂಗ್ ಕೂಡ ನೋಡಿಕೊಳ್ಳಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮುಂದೆ ಸೊನ್ನೆ ಒತ್ತಬೇಕಲ್ವಾ. ನಿಮ್ಮವರು ಹೊರಗಿನ ಲೈನಿಗೆ ಒಂದು ಸೊನ್ನೆ, ಮೊಬೈಲಿಗೆ ಇನ್ನೊಂದು ಸೊನ್ನೆ ಒತ್ತಿ ಕೈಗೆ ರೂಢಿ ಆಗಿರುತ್ತದೆ. ಹೊಸ ಸಿಸ್ಟಮ್ ಆ ಎರಡು ಸೊನ್ನೆಯನ್ನು ಒಪ್ಪಿಕೊಳ್ಳುವ ಹಾಗೆ ಮಾಡಿಸಿ. ಇಲ್ಲದಿದ್ದರೆ ಮೊದಲ ದಿನ ಎಲ್ಲರೂ ನಿಮ್ಮ ಮೇಜಿನ ಮುಂದೆ ಇರುತ್ತಾರೆ.

ಟ್ರಂಕ್ ಲೈಸೆನ್ಸ್ ಇರುವ ಕಂಪನಿಯಿಂದಲೇ ತಗೊಳ್ಳಿ. ಗೋಡೌನಿನಲ್ಲಿ ಕುಳಿತು ಫೋರ್ಟಿನ ಲೈನ್ ಬಳಸಬಹುದು ಅಂತ ಅವರಿಂದ ಬರಹದಲ್ಲಿ ಪಡೆಯಿರಿ. ಸಿಮ್ ಡಬ್ಬಿ (ಕಾಲನ್ನು ಮೊಬೈಲ್ ಸಿಮ್ಮುಗಳ ಮೂಲಕ ದಾಟಿಸುವ ಡಬ್ಬಿ) ಹಾಕಿ ಅಗ್ಗಕ್ಕೆ ಕೊಡುತ್ತೇನೆ ಅನ್ನುವವರು ಬಂದರೆ ಚಹಾ ಕೂಡ ಕೊಡಬೇಡಿ, ಪೊಲೀಸ್ ಕೇಸ್ ಆಗುವ ವಿಷಯ ಅದು.

ಬರೆದವರು: ಫೋರ್ಟ್ ಗುಮಾಸ್ತ

ಐದು ವಾರ ಆಯಿತು, ಏನಾಯಿತು ಅಂತ ಹೇಳದೆ ಇದ್ದರೆ ಸರಿಯಲ್ಲ.

ಮೊದಲು ಎಣಿಸಿದೆ. ಆಪರೇಟರ್ ಅಕ್ಕನಿಗೆ ಒಂದು ಉದ್ದ ನೋಟ್‌ಬುಕ್ ಕೊಟ್ಟೆ. ಎಷ್ಟು ಲೈನ್ ಒಟ್ಟಿಗೆ ಉರಿಯುತ್ತದೆ ನೋಡಿ ಗೆರೆ ಹಾಕಿ ಅಂದೆ. ಆರು ದಿನದಲ್ಲಿ ಮೂರೂ ಒಟ್ಟಿಗೆ ಉರಿದದ್ದು ಹನ್ನೊಂದು ಸಲ. ಹೆಚ್ಚಿನವು ಸಂಜೆ ನಾಲ್ಕರ ಮೇಲೆ, ಹಡಗಿಗೆ ಸರಕು ಒಪ್ಪಿಸುವ ಕಟ್‌ಆಫ್ ಸಮಯ ಹತ್ತಿರ ಬಂದಾಗ. ಆ ನೋಟ್‌ಬುಕ್ ಧಣಿಗಳ ಮುಂದೆ ಇಟ್ಟೆ. 14 ಜನರ ಕೊಟೇಶನ್ ಅಲ್ಲೇ ಬಿತ್ತು.

ಈಗ ಇರುವುದು ಹೀಗೆ: ಐದು ಚಾನೆಲ್ಲಿನ ಸಿಪ್ ಟ್ರಂಕ್, ಒಂದು ಐಪಿ ಪಿಬಿಎಕ್ಸ್, ನಾಲ್ಕು ಪೋರ್ಟಿನ ಗೇಟ್‌ವೇ. ಹಂಟಿಂಗಿನ ಮೊದಲ ನಂಬರ್ ಮತ್ತು ಇನ್ನೊಂದು ತಾಮ್ರದ ಲೈನ್ ಉಳಿಸಿಕೊಂಡೆವು, ಮೂರನೆಯದು ಸರೆಂಡರ್. ಕಂಪ್ಯೂಟರ್ ತಂತಿಯನ್ನೇ ಫೋನಿಗೆ ಕೊಟ್ಟದ್ದರಿಂದ ಗೋಡೆ ಕೊರೆಯಲಿಲ್ಲ. ಚಿಂಚವಡದವರಿಗೆ ಒಂದು ಊಟ ಬಾಕಿ ಇದೆ. ಉಳಿಸಿದ ಎರಡನೇ ಲೈನಿಗೆ ಗೇಟ್‌ವೇ ಹಿಂದೆ ಒಂದು ಹಳೆ ಫೋನನ್ನೂ ಸಮಾನಾಂತರವಾಗಿ ಸಿಕ್ಕಿಸಿದ್ದೇನೆ, ಗಂಟೆಯ ಸದ್ದು ತಗ್ಗಿಸಿ. ಎಲ್ಲ ಕರೆಂಟ್ ಹೋದರೂ ಅದು ಬಡಿಯುತ್ತದೆ. ಯುಪಿಎಸ್ ತೆಗೆದು ಪರೀಕ್ಷೆಯೂ ಮಾಡಿದೆ.

ಲೈನ್ ಬಿಡದಿರುವ ತೊಂದರೆ ತುರ್ಭೆಯವರು ಹೇಳಿದ ಹಾಗೇ ಬಂತು, ಮೊದಲ ಮಂಗಳವಾರವೇ. ಹಾಕಲು ಬಂದ ಹುಡುಗನಿಗೆ 400 ಹರ್ಟ್ಸ್, ಮುಕ್ಕಾಲು ಸೆಕೆಂಡ್ ಅಂದೆ. ಅವನು ನನ್ನನ್ನೇ ಒಂದು ಕ್ಷಣ ನೋಡಿದ. ಲೆಕ್ಕದವನ ಬಾಯಲ್ಲಿ ಇಂಥ ಮಾತು ಅವನು ಕೇಳಿರಲಿಲ್ಲ ಅಂತ ಕಾಣುತ್ತದೆ.

ಹೊಸ ಸಿಸ್ಟಮ್ಮಿನಲ್ಲೂ ವಿಡಿಯೊ, ಚಾಟ್ ಇದೆ, ಯಾರೂ ಮುಟ್ಟಿಲ್ಲ. ಮೊಬೈಲ್ ಆಪ್ ಮಾತ್ರ ನ್ಹಾವಾ ಶೇವಾದ ಹುಡುಗರಿಗೆ ಹಿಡಿಸಿದೆ. ಯಾರ್ಡಿನಲ್ಲಿ ಕಂಟೇನರ್ ಪಕ್ಕ ನಿಂತು 214ರಿಂದ ಮಾತಾಡುತ್ತಾರೆ. ಧಣಿಗಳಿಗೆ ಅವರು ಆಫೀಸಿನಲ್ಲೇ ಕುಳಿತಿದ್ದಾರೆ ಅನಿಸುತ್ತದೆ, ಅದನ್ನು ನಾನು ತಿದ್ದಲು ಹೋಗಿಲ್ಲ.

ಅಕ್ಕನಿಗೆ ಮಾತ್ರ ಸಮಾಧಾನ ಇಲ್ಲ. ಹಳೆ ಫೋನಿನಲ್ಲಿ ಆಚೆಯವರು ಬಾಯಿ ಬಿಡುವ ಮೊದಲೇ, ಬರೀ ಆ ಸರ್ ಸದ್ದಿನಲ್ಲೇ ಯಾರು ಅಂತ ಗೊತ್ತಾಗುತ್ತಿತ್ತಂತೆ. ಮಸ್ಜಿದ್ ಬಂದರಿನವರ ಹಿಂದೆ ಫ್ಯಾನ್ ತಿರುಗುವ ಸದ್ದು, ಸೂರತ್ತಿನವರ ಹಿಂದೆ ಯಂತ್ರದ್ದು. ಈಗ ಎಲ್ಲರೂ ಒಂದೇ ಮೌನದಿಂದ ಶುರು ಮಾಡುತ್ತಾರೆ ಅನ್ನುತ್ತಾಳೆ. ಮಾತಿಲ್ಲದಾಗ ಸದ್ದನ್ನೂ ಕತ್ತರಿಸುವ ಸೆಟ್ಟಿಂಗ್ ಏನೋ ಇದೆಯಂತೆ. ತುರ್ಭೆಯವರೇ, ಅದನ್ನು ಬಂದ್ ಮಾಡುವುದು ಎಲ್ಲಿ?

ಉತ್ತರ: ತುರ್ಭೆ ತಂತಿ

ಫೋನಿನ ಆಡಿಯೊ ಸೆಟ್ಟಿಂಗಿನಲ್ಲಿ ವಿಎಡಿ ಅಂತ ಇರುತ್ತದೆ, ಕೆಲವದರಲ್ಲಿ ಸೈಲೆನ್ಸ್ ಸಪ್ರೆಶನ್ ಅಂತ. ಗೇಟ್‌ವೇಯಲ್ಲೂ ಇರುತ್ತದೆ, ಎರಡೂ ಕಡೆ ತೆಗೆಯಿರಿ. ಮೊದಲು ಗೇಟ್‌ವೇಯದ್ದು, ಅಕ್ಕನಿಗೆ ಬೇಕಾದ ಸದ್ದು ಬರುವುದು ಅಲ್ಲಿಂದ. ಫ್ಯಾನ್ ಸದ್ದು ವಾಪಸ್ ಬಂತಾ ಅಂತ ಅವರನ್ನೇ ಕೇಳಿ ಹೇಳಿ.