ನಮ್ಮ ರಕ್ತ ಗಟ್ಟಿಯಾ ಡಾಕ್ಟ್ರೇ? ಕುಷ್ಠ ಮತ್ತು ಟಿಎಲ್‌ಆರ್1 ಜೀನ್

ಪ್ರಶ್ನೆ (ನಮ್ಮ ಗುಂಪಿಗೆ, ಕಾಸರಗೋಡಿನ ಬದಿಯಡ್ಕದಿಂದ): ಡಾಕ್ಟ್ರೇ ನಮಸ್ಕಾರ. ನನ್ನ ಅಜ್ಜನ ಅಣ್ಣನಿಗೆ ಕುಷ್ಠ ಇತ್ತು. ಬೀಡಿ ಉರಿದು ಬೆರಳಿಗೆ ಬಂದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಸುಟ್ಟ ವಾಸನೆ ಬಂದ ಮೇಲೆ ಅಜ್ಜಿ ಒಳಗಿನಿಂದ ಕೂಗುತ್ತಿದ್ದರಂತೆ. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಹನ್ನೆರಡು ವರ್ಷ ಇದ್ದರು. ಗಂಜಿ ಕೊಟ್ಟದ್ದು, ಹುಣ್ಣು ತೊಳೆದದ್ದು ಎಲ್ಲ ಅಜ್ಜಿಯೇ. ಆದರೂ ಮನೆಯಲ್ಲಿ ಬೇರೆ ಯಾರಿಗೂ ಬರಲಿಲ್ಲ. "ನಮ್ಮ ರಕ್ತ ಗಟ್ಟಿ" ಅಂತ ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದರು.

ಈಗ ಅಕ್ಕನ ಮಗ ಉಗುಳು ಕಳಿಸಿ ಜೀನ್ ಟೆಸ್ಟ್ ಮಾಡಿಸಿದ್ದಾನೆ. ಟಿಎಲ್‌ಆರ್1 ಅನ್ನುವ ಜೀನ್‌ನಲ್ಲಿ ಯುರೋಪಿನವರಿಗೆ ಇರುವ "ಕುಷ್ಠ ತಡೆಯುವ" ರೂಪ ಅವನಿಗೆ ಇಲ್ಲವಂತೆ. ಮೊನ್ನೆ ನಮ್ಮ ತೋಟದ ಕೆಲಸದವರ ತೋಳಲ್ಲಿ ಒಂದು ಬಿಳಿಚಿದ ಮಚ್ಚೆ ಕಂಡಿತು. ಮನೆಯವಳಿಗೆ ನಿದ್ದೆ ಇಲ್ಲ. ನಾವು ಹೆದರಬೇಕಾ?

ಉತ್ತರ (ಚರ್ಮರೋಗ ವೈದ್ಯ): ಮೊದಲು ಅಜ್ಜಿಯ ಮಾತು. ಅಜ್ಜಿ ಬೇರೆ ಮನೆಯಿಂದ ಮದುವೆಯಾಗಿ ಬಂದವರಲ್ವಾ? ಹಾಗಾದರೆ "ನಮ್ಮ ರಕ್ತ" ಇದ್ದದ್ದು ಕಾಯಿಲೆ ಬಂದವರಿಗೇ! ಅಜ್ಜಿಗೆ ಬಾರದೆ ಇದ್ದದ್ದರಲ್ಲಿ ಆಶ್ಚರ್ಯವೂ ಇಲ್ಲ. ಈ ರೋಗಾಣು ಮೈಗೆ ಸೇರಿದರೂ ನೂರರಲ್ಲಿ ತೊಂಬತ್ತೈದು ಮಂದಿಗೆ ಕಾಯಿಲೆ ಆಗುವುದಿಲ್ಲ.

ಇನ್ನು ಜೀನ್. ಲಸಿಕೆ ಕಲಿಸಿದ ಶಕ್ತಿ ಬೇರೆ, ಹುಟ್ಟಿನಿಂದಲೇ ಇರುವ ಕಾವಲು ಬೇರೆ. ಈ ಎರಡನೆಯದು ಮನೆ ನಾಯಿಯ ಹಾಗೆ. ಬಂದವನ ಹೆಸರು ಅದಕ್ಕೆ ಗೊತ್ತಿಲ್ಲ, ವಾಸನೆ ಹೊಸದು ಅಂತ ಬೊಗಳುತ್ತದೆ ಅಷ್ಟೆ. ಟಿಎಲ್‌ಆರ್‌ಗಳು (ಟೋಲ್-ಲೈಕ್ ರಿಸೆಪ್ಟರ್, ಅಂದರೆ ರೋಗಾಣುವನ್ನು ಗುರುತಿಸುವ ಪ್ರೋಟೀನುಗಳು) ಅಂಥ ನಾಯಿಗಳು, ನಮ್ಮಲ್ಲಿ ಹತ್ತು ಬಗೆ ಉಂಟು. ಮೊದಲು ಸುಳಿವು ಸಿಕ್ಕಿದ್ದು ಹಣ್ಣಿನ ನೊಣದಲ್ಲಿ. ಆ ದಾರಿಯ ಕೆಲಸಕ್ಕೆ ಹಾಫ್‌ಮನ್ ಮತ್ತು ಬ್ಯೂಟ್ಲರ್ ಅವರಿಗೆ 2011ರಲ್ಲಿ ನೊಬೆಲ್ ಬಂತು. ಟಿಎಲ್‌ಆರ್1 ತನ್ನ ಜೋಡಿ ಟಿಎಲ್‌ಆರ್2ರ ಜೊತೆ ಸೇರಿ ಬ್ಯಾಕ್ಟೀರಿಯದ ಕೊಬ್ಬು ಮೆತ್ತಿದ ಪ್ರೋಟೀನನ್ನು ಗುರುತಿಸುತ್ತದೆ.

ನಿಮ್ಮ ಅಳಿಯ ನೋಡಿದ್ದು ಟಿಎಲ್‌ಆರ್1 ಪ್ರೋಟೀನಿನ 602ನೇ ಜಾಗ. ಅಲ್ಲಿ ಐಸೊಲ್ಯೂಸಿನ್ ಅನ್ನುವ ಇಟ್ಟಿಗೆಯ (ಅಮೈನೋ ಆಮ್ಲದ) ಬದಲು ಸೆರಿನ್ ಅನ್ನುವುದು ಇದ್ದರೆ ಟಿಎಲ್‌ಆರ್1 ಕೋಶದ ಹೊರಮೈಗೆ ಬರುವುದೇ ಇಲ್ಲ, ಒಳಗೇ ಉಳಿಯುತ್ತದೆ. ನಾಯಿಯನ್ನು ಗೇಟಿನ ಬದಲು ಕೊಟ್ಟಿಗೆಯಲ್ಲಿ ಕಟ್ಟಿದ ಹಾಗೆ. ಈ ರೂಪ ಯುರೋಪಿನಲ್ಲಿ ತುಂಬ ಜಾಸ್ತಿ. ಭಾರತದಲ್ಲಿ ಇದೆ, ಆದರೆ ಅಷ್ಟಿಲ್ಲ. ಪೂರ್ವ ಏಷ್ಯಾದಲ್ಲಿ ತೀರಾ ಅಪರೂಪ. ತಮಾಷೆ ಏನೆಂದರೆ, ಕಾವಲು ಸಡಿಲವಾದ ಈ ರೂಪ ಇದ್ದವರಿಗೇ ಕುಷ್ಠ ಕಡಿಮೆ ಅಂತ ಟರ್ಕಿಯಲ್ಲಿ ಕಂಡಿತು, ಆಮೇಲೆ 2010ರಲ್ಲಿ ದೆಹಲಿ, ಕೋಲ್ಕತ್ತಾದ ರೋಗಿಗಳಲ್ಲೂ ಕಂಡಿತು.

ಯಾಕೆ ಅಂತ ಇನ್ನೂ ಚರ್ಚೆ ಇದೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ನೇಪಾಳದ ರೋಗಿಗಳಲ್ಲಿ ಕಂಡ ವಿಷಯ: ಕುಷ್ಠದಲ್ಲಿ ನರ ಹಾಳು ಮಾಡುವ "ರಿಯಾಕ್ಷನ್" ಈ ರೂಪದವರಿಗೆ ಕಡಿಮೆ. ನರಕ್ಕೆ ಪೆಟ್ಟು ಬೀಳುವುದು ರೋಗಾಣುವಿನಿಂದ ಮಾತ್ರ ಅಲ್ಲ, ನಮ್ಮದೇ ಕಾವಲಿನ ಗಲಾಟೆಯಿಂದಲೂ. ಬೊಗಳಾಟ ಕಡಿಮೆಯಾದರೆ ಮನೆಯ ಸಾಮಾನು ಉಳಿಯುತ್ತದೆ.

ಹಾಗಂತ ಅದು ಕೋಟೆ ಅಲ್ಲ. ಹ್ಯಾನ್ಸೆನ್ 1873ರಲ್ಲಿ ಈ ರೋಗಾಣು ಕಂಡುಹಿಡಿದದ್ದು ಎಲ್ಲಿ? ನಾರ್ವೆಯ ಬರ್ಗೆನ್‌ನಲ್ಲಿ. ಆ ಕಾಲದಲ್ಲಿ ಅಲ್ಲಿ ಸಾವಿರಗಟ್ಟಲೆ ಕುಷ್ಠರೋಗಿಗಳಿದ್ದರು. "ತಡೆಯುವ ಜೀನ್" ಅಲ್ಲೇನು ಕಡಿಮೆ ಇರಲಿಲ್ಲ ಮಾರಾಯ್ರೆ.

ಕುಂಬಳೆಯ ಸದಸ್ಯೆ: ಡಾಕ್ಟ್ರೇ, ಹಾಗಾದರೆ ಯಾವ ಜಾತಿಯವರಿಗೆ ಜಾಸ್ತಿ ಅಂತ ಇದೆಯಾ? ನಮ್ಮಲ್ಲಿ ಏಳೆಂಟು ಭಾಷೆಯವರಿದ್ದಾರಲ್ಲ.

ಉತ್ತರ: ಇಲ್ಲಮ್ಮ, ಹಾಗೆ ಎಣಿಸಬೇಡಿ. ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಬಾಯಲ್ಲಿರುವುದು, ಟಿಎಲ್‌ಆರ್1ರಲ್ಲಿ ಅಲ್ಲ. ಒಂದು ಗುಂಪಿನಲ್ಲಿ ಒಂದು ರೂಪ ಹೆಚ್ಚು ಅಂದರೆ ಸರಾಸರಿಯ ಲೆಕ್ಕ. ನಿಮ್ಮ ಪಕ್ಕದ ಮನೆಯವರ ಬಗ್ಗೆ ಅದು ಏನೂ ಹೇಳುವುದಿಲ್ಲ. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲೂ ರೂಪ ಬೇರೆ ಬೇರೆ ಇರಬಹುದು.

ಉಪ್ಪಳದ ಸದಸ್ಯ: ನಿಯಾಂಡರ್ಥಾಲ್ ಅನ್ನುವ, ಈಗ ಅಳಿದುಹೋದ ಹಳೆಯ ಮಾನವರಿಂದ ಬಂದ ಜೀನ್ ಅಂತ ಓದಿದ್ದೆ. ಇದೇನಾ ಅದು?

ಉತ್ತರ: ಆ 602 ಅಲ್ಲ, ಆದರೆ ಅದೇ ಓಣಿ. 4ನೇ ಕ್ರೋಮೋಸೋಮಿನಲ್ಲಿ ಟಿಎಲ್‌ಆರ್10, 1, 6 ಸಾಲಾಗಿ ಕೂತಿವೆ. ಅಲ್ಲಿ ನಿಯಾಂಡರ್ಥಾಲ್ ಕಡೆಯಿಂದ ಬಂದ ತುಂಡುಗಳೂ ಇವೆ ಅಂತ 2016ರಲ್ಲಿ ತೋರಿಸಿದರು. ಅವು ಇದ್ದವರಲ್ಲಿ ಈ ಜೀನ್‌ಗಳ ಕೆಲಸ ಜೋರು. ಹೊಟ್ಟೆಯಲ್ಲಿ ಹೆಲಿಕೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯದ ಸೋಂಕು ಕಡಿಮೆ, ಅಲರ್ಜಿ ಜಾಸ್ತಿ. ನಾಯಿ ಜೋರಾದರೆ ಪೋಸ್ಟ್‌ಮ್ಯಾನ್‌ಗೂ ಬೊಗಳುತ್ತದಲ್ಲ, ಹಾಗೆ.

ಈಗ ಬದಿಯಡ್ಕದವರಿಗೆ. ಅಳಿಯನ ರಿಪೋರ್ಟ್ ಬದಿಗಿಡಿ, ಆ ತೋಳು ನೋಡಿ. ಅವರ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮಚ್ಚೆಯನ್ನು ಮೆಲ್ಲ ಮುಟ್ಟಿ, ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಹೇಳಿ. ತೋರಿಸಿದರೂ ಡಾಕ್ಟರ್ ನೋಡಲಿ, ತೋರಿಸದಿದ್ದರೆ ಇವತ್ತೇ ನೋಡಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಮದ್ದು ಉಚಿತ, ಆರು ತಿಂಗಳು ಅಥವಾ ಒಂದು ವರ್ಷ. ಮದ್ದು ಶುರುವಾದ ಕೆಲವೇ ದಿನಗಳಲ್ಲಿ ಹರಡುವುದು ನಿಲ್ಲುತ್ತದೆ. ಕಾಯಿಲೆ ಖಚಿತವಾದರೆ ಜೊತೆಗಿದ್ದವರಿಗೆ ಕಾಯಿಲೆ ಬಾರದ ಹಾಗೆ ರಿಫಾಂಪಿಸಿನ್ ಮದ್ದು ಒಂದೇ ಡೋಸ್ ಕೊಡುವ ಕ್ರಮವೂ ಇದೆ. ಜೀನ್ ವಿಚಾರ ಬೇಕೇ ಬೇಕು ಅಂದರೆ ಜಿ6ಪಿಡಿ (ಕೆಂಪು ರಕ್ತಕಣವನ್ನು ಕಾಯುವ ಒಂದು ಕಿಣ್ವ) ಕೊರತೆ ಇದ್ದವರು ಮೊದಲೇ ಹೇಳಬೇಕು. ಕುಷ್ಠದ ಮದ್ದಿನಲ್ಲಿರುವ ಡ್ಯಾಪ್ಸೋನ್ ಮಾತ್ರೆಯಿಂದ ಅವರ ಕೆಂಪು ರಕ್ತಕಣ ಒಡೆಯಬಹುದು.

ಬದಿಯಡ್ಕದಿಂದ: ಹತ್ತಿ ಇಟ್ಟು ನೋಡಿದೆ ಡಾಕ್ಟ್ರೇ. ಅಂಚಿನಲ್ಲಿ ಗೊತ್ತಾಗುತ್ತದೆ, ನಡುವೆ ಇಲ್ಲ. ಈಗಲೇ ಜೀಪಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಅವರಿಗೆ ಎಂತ ಹೇಳುವುದು?

ಉತ್ತರ: ಕಾಯಿಲೆಯ ಹೆಸರು ನೀವು ಎತ್ತಬೇಡಿ. ಅದು ಅಲ್ಲಿ ನೋಡಿದ ಮೇಲೆ ಡಾಕ್ಟರು ಹೇಳಬೇಕಾದ ಮಾತು. "ಮಚ್ಚೆ ಒಂದು ತೋರಿಸಿ ಬರುವ, ನಾನೂ ಬರುತ್ತೇನೆ" ಅಂದರೆ ಸಾಕು. ಆ ದಿನದ ಕೂಲಿ ಕಡಿಯಬೇಡಿ.