ಬಾಜಿ, ಸ್ಕೆಚ್ ಪೆನ್ನು, ಗಾಲ್ಫ್ ಚೆಂಡು

"ಅಲ್ಲಯ್ಯಾ, ಗಾಳಿಯಿಲ್ಲ, ನೀರಿಲ್ಲ, ಕೇಳಿದ್ರೆ ಒಂದು ಲೋಟ ಕಾಫಿ ಕೊಡೋರಿಲ್ಲ. ಆ ಚಂದ್ರನ ಮೇಲೆ ಯಾಕೆ ಹೋದರು?" ಅಂದ ಸೀನ.

"ಮನುಕುಲದ ಒಳಿತಿಗೆ" ಎಂದ ಮೂರ್ತಿ, ಮೈಕು ಹಿಡಿದವನ ಗತ್ತಿನಲ್ಲಿ.

"ಸುಮ್ನಿರು ಮಾರಾಯ" ಅಂದೆ ನಾನು. " ಚಂದ್ರನ ಮೇಲೆ ಇಳಿದ ಎರಡನೇ ತಂಡ ಅಪೋಲೊ 12ರ ಪೀಟ್ ಕಾನ್ರಾಡ್ ಏನಂದ ಗೊತ್ತಾ? 1969ರ ನವೆಂಬರ್. ಆಸಾಮಿ ಸ್ವಲ್ಪ ಕುಳ್ಳ. ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ 'ಒಂದು ಸಣ್ಣ ಹೆಜ್ಜೆ' ಅಂದಿದ್ದನಲ್ಲ, ಇವನು ಏಣಿಯಿಂದ ಧುಮುಕಿ, 'ನೀಲ್‌ಗೆ ಇದು ಸಣ್ಣದಿರಬಹುದು, ನನಗಂತೂ ಉದ್ದದ್ದೇ' ಅಂತ ಕೂಗಿದ."

"ಅದ್ಯಾಕೆ ಹಾಗೆ?"

"ಬಾಜಿ ಕಣೋ! ಅಲ್ಲಿ ಆಡೋ ಮಾತನ್ನ ನಾಸಾದವರೇ ಬರೆದುಕೊಡ್ತಾರೆ ಅಂತ ಇಟಲಿಯ ಪತ್ರಕರ್ತೆ ಒರಿಯಾನಾ ಫಲಾಚಿಗೆ ಗುಮಾನಿ. ಇಲ್ಲ ಅಂತ ಇವನದು 500 ಡಾಲರ್ ಪಂಥ. ದುಡ್ಡು ಮಾತ್ರ ಕೈಗೆ ಬರಲೇ ಇಲ್ಲವಂತೆ."

"ಚಂದ್ರನ ತನಕ ಹೋಗಿ ಬಂದರೂ ವಸೂಲಿ ಆಗಲಿಲ್ಲ!" ಸೀನ ಲೊಚಗುಟ್ಟಿದ. ಅವನೂ ಸಾಲ ಕೊಟ್ಟು ಕೂತವನೇ.

"ಜೀವ ಕೈಲಿ ಹಿಡಿದು ಹೋದವರನ್ನ ಹೀಗೆಲ್ಲ ಆಡ್ಕೋಬೇಡಿ" ಎಂದು ಮೂರ್ತಿ ಸಿಡುಕಿದ. ಅವನ ಮಾತೂ ಸುಳ್ಳಲ್ಲ. ಮೊದಲ ಸಲ ಚಂದ್ರನ ಮೇಲೆ ಇಳಿದ ಅಪೋಲೊ 11ರಲ್ಲಿ, ವಾಪಸ್ ಹೊರಡಿಸುವ ಎಂಜಿನ್‌ನ ಸ್ವಿಚ್ಚಿನ ತುದಿಯೇ ಮುರಿದು ಕೆಳಗೆ ಬಿದ್ದಿತ್ತು. ಆರ್ಮ್‌ಸ್ಟ್ರಾಂಗ್ ಜೊತೆಗಿದ್ದ ಆಲ್ಡ್ರಿನ್ ಜೇಬಿನಿಂದ ಸ್ಕೆಚ್ ಪೆನ್ ತೆಗೆದು ಆ ತೂತಿಗೆ ತುರುಕಿ ಒತ್ತಿದ. ಲೋಹದ್ದೇನಾದರೂ ತುರುಕಿದರೆ ಶಾರ್ಟ್ ಆದೀತು ಅನ್ನೋ ಭಯ.

"ನನ್ನ ಮಗಳ ಪೆನ್ನಿಗೆ ಮುಚ್ಚಳವೇ ಇರಲ್ಲ" ಅಂದ ಸೀನ.

ನನಗೆ ಇವರೆಲ್ಲರಿಗಿಂತ ಅಲನ್ ಶೆಪರ್ಡ್ ಇಷ್ಟ. 1961ರಲ್ಲಿ ಅಂತರಿಕ್ಷ ಮುಟ್ಟಿದ ಮೊದಲ ಅಮೆರಿಕನ್. ಹಾರಿದ್ದು ಬರೀ 15 ನಿಮಿಷ. ಆಮೇಲೆ ಒಳಕಿವಿಯ ಕಾಯಿಲೆ, ತಲೆಸುತ್ತು. ಹಾರಾಟ ಬಂದ್. ವರ್ಷಗಟ್ಟಲೆ ಆಫೀಸಲ್ಲಿ ಕೂತು ಬೇರೆಯವರನ್ನು ಕಳಿಸಿಕೊಟ್ಟ. ಹೊಟ್ಟೆ ಉರಿಯದೇ ಇರುತ್ತಾ? ಕೊನೆಗೆ ಕಿವಿ ಆಪರೇಷನ್ ಮಾಡಿಸಿಕೊಂಡು 1971ರಲ್ಲಿ, 47ನೇ ವಯಸ್ಸಿಗೆ, ಚಂದ್ರನ ಮೇಲೆ ಇಳಿದೇ ಇಳಿದ.

"ಇಳಿದು?"

"ಭೂಮಿ ನೋಡಿ ಅತ್ತ."

ಮೂರ್ತಿಗೆ ಸಮಾಧಾನ ಆಯಿತು.

"ಆಮೇಲೆ ಗಾಲ್ಫ್ ಆಡಿದ."

ಮತ್ತೆ ಕೆಟ್ಟಿತು.

ಗಾಲ್ಫ್ ಕೋಲಿನ ತಲೆಯೊಂದನ್ನು ಒಯ್ದಿದ್ದ. ಮಣ್ಣು ತೆಗೆಯುವ ಸಲಕರಣೆಯ ಹಿಡಿಗೆ ಅದನ್ನು ಸಿಕ್ಕಿಸಿದ. ಸೆಟೆದ ಆ ಗಗನಯಾತ್ರಿ ದಿರಿಸಿನಲ್ಲಿ ಎರಡೂ ಕೈ ಒಟ್ಟಿಗೆ ಬೀಸೋಕೆ ಆಗಲ್ಲ, ಒಂದೇ ಕೈ. ಮೊದಲು ಹಾರಿದ್ದು ಚೆಂಡಿಗಿಂತ ದೂಳೇ ಜಾಸ್ತಿ. ಎರಡನೇ ಚೆಂಡು ಹೊಡೆದು 'ಮೈಲಿ, ಮೈಲಿ, ಮೈಲಿ' ಅಂದ. ಎಷ್ಟೋ ವರ್ಷದ ಮೇಲೆ ಫೋಟೋ ಹಿಡಿದು ಅಳೆದರೆ ಸುಮಾರು 40 ಗಜ!

"ನಮ್ಮ ಬಿಲ್ಡರ್ ಹೇಳಿದ ಹಾಗೆ, ಬಸ್ ಸ್ಟಾಪು ಐದೇ ನಿಮಿಷ" ಅಂದ ಸೀನ. "ಚೆಂಡು ಅಲ್ಲೇ ಇದ್ಯಾ?"

"ಎರಡೂ ಅಲ್ಲೇ."

"ನೋಡು, ಮುಂದೆ ಹೋಗೋರಿಗೆ ಒಂದು ಕಾರಣ ಸಿಕ್ತು."