ಸೆಪಿಯಾ ಟೋನಿಂಗ್ ಮಾಡಿದಾಗ ಚಿತ್ರದ ತಿಳಿಭಾಗ ಅಳಿಸಿಹೋಗುವುದೇಕೆ?

ಪ್ರಶ್ನೆ:
ಫೈಬರ್ ಪೇಪರಿನ (ಪ್ಲಾಸ್ಟಿಕ್ ಲೇಪವಿಲ್ಲದ ಫೋಟೋ ಕಾಗದ) ಮೇಲೆ ನಾನೇ ಪ್ರಿಂಟ್ ಮಾಡಿದ ಅಜ್ಜಿಯ ಭಾವಚಿತ್ರಕ್ಕೆ ಕಳೆದ ವಾರ ಸೆಪಿಯಾ, ಅಂದರೆ ಕಂದು ಬಣ್ಣ ಕೊಡಲು ಹೊರಟೆ. ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಪೊಟ್ಯಾಸಿಯಂ ಬ್ರೋಮೈಡ್ ಬೆರೆಸಿದ ಬ್ಲೀಚಿನಲ್ಲಿ ಚಿತ್ರ ಪೂರ್ತಿ ಮಾಸುವವರೆಗೆ ಇಟ್ಟು, ತೊಳೆದು, ಸೋಡಿಯಂ ಸಲ್ಫೈಡ್ ದ್ರಾವಣಕ್ಕೆ ಹಾಕಿದಾಗ ಕಣ್ಣು, ಸೀರೆಯ ನೆರಿಗೆ ಎಲ್ಲವೂ ಕಂದು ಬಣ್ಣದಲ್ಲಿ ಮರಳಿ ಬಂದವು. ನರೆಗೂದಲಿನ ಎಳೆಗಳು ಮಾತ್ರ ಬರಲೇ ಇಲ್ಲ. ಸಾಲದ್ದಕ್ಕೆ ಬಿಳಿ ಅಂಚು ಹಳದಿಯಾಗಿದೆ, ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ನೀಲಿ ಚುಕ್ಕೆಗಳೂ ಎದ್ದಿವೆ. ಪ್ರಿಂಟ್ ಮಾಡುವಾಗ ಫಿಕ್ಸರ್ (ಚಿತ್ರವಾಗದೆ ಉಳಿದ ಬೆಳ್ಳಿಯ ಲವಣವನ್ನು ತೆಗೆಯುವ ದ್ರಾವಣ) ಆದ ಮೇಲೆ 20 ನಿಮಿಷ ಬೋರ್‌ವೆಲ್ ನೀರಿನಲ್ಲಿ ತೊಳೆದಿದ್ದೆ. ಟೋನರ್ (ಬಣ್ಣ ಕೊಡುವ ಆ ಸಲ್ಫೈಡ್ ದ್ರಾವಣ) ಕೆಟ್ಟಿತ್ತೇ?

ಉತ್ತರ 1:
ಟೋನರಿನ ಮೇಲೆ ಅನುಮಾನ ಬೇಡ. ತಪ್ಪು ಅದಕ್ಕೂ ಮುಂಚೆಯೇ ಆಗಿದೆ. ಬ್ಲೀಚು ಚಿತ್ರದ ಬೆಳ್ಳಿಯನ್ನು ಸಿಲ್ವರ್ ಬ್ರೋಮೈಡ್ ಆಗಿ ಬದಲಿಸುತ್ತದೆ, ಸಲ್ಫೈಡ್ ಅದನ್ನು ಕಂದು ಬಣ್ಣದ ಸಿಲ್ವರ್ ಸಲ್ಫೈಡ್ ಮಾಡುತ್ತದೆ. ಆದರೆ ಪೇಪರಿನ ನಾರಿನೊಳಗೆ ಹೈಪೋ (ಫಿಕ್ಸರಿನಲ್ಲಿರುವ ರಾಸಾಯನಿಕ) ಉಳಿದಿದ್ದರೆ ಅದು ಬ್ರೋಮೈಡನ್ನು ಅಲ್ಲಿಂದಲ್ಲಿಗೇ ಕರಗಿಸಿಬಿಡುತ್ತದೆ. ಕಪ್ಪಾದ ಪ್ರಿಂಟನ್ನು ತಿಳಿಗೊಳಿಸಲು ಬಳಸುವ ಫಾರ್ಮರ್ಸ್ ರೆಡ್ಯೂಸರ್ ಎಂದರೆ ಇದೇ ಫೆರಿಸಯನೈಡ್ ಮತ್ತು ಹೈಪೋ ಮಿಶ್ರಣವಲ್ಲವೇ? ತಿಳಿಭಾಗದಲ್ಲಿ ಬೆಳ್ಳಿ ಇರುವುದೇ ಕಡಿಮೆಯಾದ್ದರಿಂದ ಮೊದಲು ಹೋಗುವುದೂ ಅದೇ, ಹೋದದ್ದು ಮರಳುವುದಿಲ್ಲ. ಫೈಬರ್ ಪೇಪರಿಗೆ 20 ನಿಮಿಷ ಏನೇನೂ ಸಾಲದು. ಶೇ. 2ರ ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ (ಸಲ್ಫೈಡ್ ಅಲ್ಲ, ಹೆಸರು ನೋಡಿ ಕೊಳ್ಳಿ) ಹತ್ತು ನಿಮಿಷ ಆಡಿಸಿ ನಂತರ ತೊಳೆಯಿರಿ. ಅದಿಲ್ಲದಿದ್ದರೆ ಹರಿಯುವ ನೀರಿನಲ್ಲಿ ಒಂದು ಗಂಟೆಯಾದರೂ ಬೇಕು. ಅಂಚು ಹಳದಿಯಾಗಿರುವುದನ್ನು ನೋಡಿದರೆ ಫಿಕ್ಸರ್ ಕೂಡ ಸೋತಿರಬೇಕು: ಅದು ತೆಗೆಯದೆ ಬಿಟ್ಟ ಬೆಳ್ಳಿಯ ಲವಣ ಸಲ್ಫೈಡ್ ತಾಗಿದೊಡನೆ ಬಣ್ಣ ತಿರುಗುತ್ತದೆ.

ಉತ್ತರ 2:
ನೀಲಿ ಚುಕ್ಕೆಗಳಿಗೆ ಕಾರಣ ಕಬ್ಬಿಣ. ಫೆರಿಸಯನೈಡ್‌ಗೆ ಕಬ್ಬಿಣದ ಅಂಶ ಸಿಕ್ಕಿದರೆ ಪ್ರಷ್ಯನ್ ಬ್ಲೂ ಆಗುತ್ತದೆ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಅದು ಇರಬಹುದು, ತುಕ್ಕು ಹಿಡಿದ ಕ್ಲಿಪ್ಪಿನಿಂದಲೂ ಬರಬಹುದು. ಬ್ಲೀಚನ್ನು ಡಿಸ್ಟಿಲ್ಡ್ ವಾಟರಿನಲ್ಲೇ ಕಲಸಿ, ಪ್ಲಾಸ್ಟಿಕ್ ಟ್ರೇ ಬಳಸಿ.

ಉತ್ತರ 3:
ತೊಳೆಯುವುದು ಸರಿಯಾಗಿದ್ದರೂ ಸೆಪಿಯಾದಲ್ಲಿ ತಿಳಿಭಾಗ ಕೊಂಚ ಇಳಿಯುತ್ತದೆ. ಹಾಗಾಗಿ ಪ್ರಿಂಟನ್ನೇ ಅರ್ಧ ಸ್ಟಾಪ್ (ಬೆಳಕು ಕೊಡುವ ಪ್ರಮಾಣದ ಅಳತೆ) ಗಾಢವಾಗಿ ಮಾಡಿಕೊಳ್ಳಿ. ನನ್ನನ್ನು ಕೇಳಿದರೆ ಸಲ್ಫೈಡನ್ನೇ ಬಿಟ್ಟು ಥಯೋಯೂರಿಯಾ ಮತ್ತು ಕಾಸ್ಟಿಕ್ ಸೋಡಾಕ್ಕೆ ಬನ್ನಿ ಎನ್ನುತ್ತೇನೆ. ಸಲ್ಫೈಡಿನ ಕೊಳೆತ ಮೊಟ್ಟೆಯ ವಾಸನೆಯನ್ನಾದರೂ ಸಹಿಸಬಹುದು, ಆದರೆ ಅದರಿಂದ ಏಳುವ ಅನಿಲ ಕೋಣೆಯಲ್ಲಿಟ್ಟ ಹೊಸ ಪೇಪರನ್ನೂ ಕೆಡಿಸುತ್ತದೆ. ಥಯೋಯೂರಿಯಾ ಹೆಚ್ಚಿದರೆ ಹಳದಿಗಂದು, ಕಾಸ್ಟಿಕ್ ಹೆಚ್ಚಿದರೆ ಗಾಢಗಂದು ಬರುತ್ತದೆ. ಕೈಗವಸು ಮರೆಯಬೇಡಿ, ಬ್ಲೀಚಾಗಲಿ ಸಲ್ಫೈಡಾಗಲಿ, ಎರಡರ ಹತ್ತಿರವೂ ಆಸಿಡ್ ಸುಳಿಯಬಾರದು, ವಿಷಾನಿಲ ಏಳುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಈಗ ಹೋಗಿ ನೋಡಿದೆ: ನನ್ನ ಎನಾಮಲ್ ಟ್ರೇಯ ಒಂದು ಮೂಲೆಯಲ್ಲಿ ಬೆರಳುಗುರಿನಷ್ಟು ಚಕ್ಕೆ ಎದ್ದು ಕೆಳಗಿನ ಕಬ್ಬಿಣ ಕಾಣುತ್ತಿದೆ, ಚುಕ್ಕೆಗಳು ಹೆಚ್ಚಾಗಿರುವುದೂ ಪ್ರಿಂಟಿನ ಅದೇ ಮೂಲೆಯಲ್ಲಿ. ನೆಗೆಟಿವ್ ಸುರಕ್ಷಿತವಾಗಿದೆ; ಹೊಸ ಫಿಕ್ಸರ್ ಕಲಸಿ ಭಾನುವಾರ ಮತ್ತೆ ಪ್ರಿಂಟ್ ಮಾಡುತ್ತೇನೆ.